ಚಿರತೆ ಸುದ್ದಿಯ ಉಳಿದರ್ಧ

ನಾನು ಚಿಕ್ಕವನಿದ್ದಾಗ ಒಂದು ಶನಿವಾರ ಬೆಳಿಗ್ಗೆ, ಇಡೀ ಶಾಲೆಯ ಎದುರಿಗೆ, ನನಗೆ ಓದಲು ಬರುವುದಿಲ್ಲ ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟ. ನನಗೆ ಓದಲು ಬರುತ್ತಿತ್ತು. ಈ ಮಾತು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮೂರು ಮಾಸೂರಿನ ಹತ್ತಿರ. ಮದಗದ ಕೆರೆಯ ಕಾಲುವೆ ನಮ್ಮ ಗದ್ದೆಯ ಪಕ್ಕದಲ್ಲೇ ಹರಿಯುತ್ತಿತ್ತು. ಆಗ ದೊಡ್ಡ ಲಡಾಯಿ, ಎರಡನೇ ಮಹಾಯುದ್ಧ, ನಡೆದಿತ್ತು. ಸೀಮೆಎಣ್ಣೆಗೆ ಬರ, ಅರಿವೆಗೆ ಬರ, ಪುಸ್ತಕಕ್ಕಂತೂ ಕೇಳುವುದೇ ಬೇಡ. ನಮ್ಮ ನಾಲ್ಕನೇ ಇಯತ್ತೆಗೆ ಇದ್ದ ಒಂದೇ ಪುಸ್ತಕವನ್ನು ನಾವು ದೀಪಾವಳಿಯೊಳಗೇ ಅರೆದು ಕುಡಿದಿದ್ದೆವು. ಕಣ್ಣು ಮುಚ್ಚಿಕೊಂಡೇ ಪಾಠ ಒಪ್ಪಿಸುತ್ತಿದ್ದೆವು. ಇದನ್ನು ನೋಡಿ ಬೇಸತ್ತ ಮಾಸ್ತರರು ನಮ್ಮಿಂದ ಪೇಪರ್ ಓದಿಸಲು ಶುರುಮಾಡಿದರು.

ಊರಿಗೆ ಬರುತ್ತಿದ್ದದ್ದು ಒಂದೇ ಪೇಪರ್. ಹಿರೇಕೆರೂರಿನಿಂದ ಮೂರು ದಿನ ತಡವಾಗಿ ಕಿರಾಣಿ ಅಂಗಡಿಗೆ ಬರುತ್ತಿತ್ತು. ಅಂಗಡಿಯವರು ಅದರಲ್ಲಿ ಧಾರಣೆ ನೋಡಿಕೊಂಡು, ಆಮೇಲೆ ಬೆಲ್ಲ, ಹುಣಸೆಹಣ್ಣು ಕಟ್ಟಲು ಹರಿಯುತ್ತಿದ್ದರು. ಹರಿದು ಉಳಿದದ್ದನ್ನು ಮಾಸ್ತರರು ಬೇಡಿ ತಂದು ನಮಗೆ ಒಂದೊಂದು ತುಂಡು ಹಂಚುತ್ತಿದ್ದರು. ಅಂಟಂಟು ಬೆಲ್ಲದ ಕಲೆ, ಮಸಿಯ ವಾಸನೆ, ಕೈಗೆಲ್ಲ ಕರಿ. ಶುಕ್ರವಾರ ಆ ತುಂಡನ್ನು ಮನೆಗೆ ಒಯ್ದು ಓದಿಕೊಂಡು, ಶನಿವಾರ ಎದ್ದು ನಿಂತು ಎಲ್ಲರಿಗೂ ಓದಿ ಹೇಳಬೇಕಿತ್ತು. ಕೇಳಲು ದೊಡ್ಡವರೂ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನನ್ನು ಶಾಲೆ ಬಿಡಿಸಿ ಗದ್ದೆಗೆ ಹಚ್ಚಬೇಕೆಂದು ಅವನ ಮನಸ್ಸಿನಲ್ಲಿತ್ತು. ಆ ವಾರ ಅದನ್ನು ಬಾಯಿಬಿಟ್ಟೇ ಹೇಳಿದ.

"ಪುಸ್ತಕಾ ಬಾಯಿಪಾಠ ಮಾಡಿ ಯಾರರ ಒದರ್ತಾರ. ಪೇಪರ್ ಓದಿ ತೋರ್ಸು. ಬಂತಂದ್ರ ಸಾಲಿ, ಇಲ್ಲಾಂದ್ರ ಸೋಮವಾರದಿಂದ ಗದ್ದಿ."

ನನಗೆ ಸಿಕ್ಕಿದ್ದು ಪುಟದ ಮೇಲಿನ ಅರ್ಧ. ಅದರಲ್ಲಿ ಎರಡು ಅಂಕಣಗಳಿದ್ದವು. ಎಡಗಡೆ ಚಿರತೆಯ ಸುದ್ದಿ. ಯಾವುದೋ ಊರಿನಲ್ಲಿ ತಾಯಿ ನೀರಿಗೆ ಹೋದಾಗ ಚಿರತೆಯೊಂದು ಮನೆ ಹೊಕ್ಕಿತ್ತು. ನೆರೆಯವರು ಹೆದರಿ ಹೊರಗಿನಿಂದ ಚಿಲಕ ಹಾಕಿಬಿಟ್ಟಿದ್ದರು. ಒಳಗೆ ತೊಟ್ಟಿಲಲ್ಲಿ ಆರು ತಿಂಗಳ ಕೂಸು. "ಜನರು ಮಾಡಿನ ಮೇಲೇರಿ, ಹೆಂಚು ಸರಿಸಿ ಒಳಗೆ ಇಣುಕಿ ನೋಡಲಾಗಿ", ಅಷ್ಟೇ. ಅಲ್ಲಿಗೆ ಕಾಗದ ಹರಿದಿತ್ತು.

ನಾನು ಅಂಗಡಿಗೆ ಓಡಿದೆ. ಅಂಗಡಿಯವರು ತಕ್ಕಡಿಯಿಂದ ತಲೆ ಎತ್ತಲಿಲ್ಲ. "ನಾ ಧಾರಣಿ ಅಷ್ಟ ನೋಡ್ತೇನಿ ತಮ್ಮಾ. ಕೆಳಗಿನ ಅರ್ಧ ಹುಣಸಿಹಣ್ಣಿನ ಸಂಗಟ ಚಿಕ್ಕೇರೂರಿಗೆ ಹೋತು," ಅಂದರು. ಮಾಸ್ತರರೂ ಆ ಅರ್ಧ ನೋಡಿರಲಿಲ್ಲ. ಮನೆಯಲ್ಲಿ ಅಕ್ಕ ಕೌದಿ ಹೊಲಿಯುತ್ತ ನನ್ನ ಓದು ಕೇಳಿ, "ಕೂಸು ಉಳೀತು ಅಂತ ನೀನ ಸೇರ್ಸಿ ಹೇಳಿಬಿಡು. ಯಾರಿಗೆ ಗೊತ್ತಾಗ್ತೈತಿ?" ಅಂದಳು. ಇಲ್ಲದ್ದನ್ನು ಓದುವುದು ಸುಳ್ಳು ಎಂದು ನಾನು ಅವಳಿಗೇ ಬುದ್ಧಿ ಹೇಳಿದೆ. ಅವಳ ಮಾತು ಕೇಳಬೇಕಿತ್ತು.

ಶನಿವಾರ ನಾನು ಒಂದಕ್ಷರ ತಡವರಿಸದೆ ಓದಿದೆ. ಕಟ್ಟೆಯ ಮೇಲಿದ್ದವರು ಎಲೆ ಅಡಿಕೆ ಅಗಿಯುವುದನ್ನೂ ಮರೆತಿದ್ದರು. "ಇಣುಕಿ ನೋಡಲಾಗಿ" ಎಂಬಲ್ಲಿಗೆ ನಿಂತೆ.

"ಮುಂದ?" ಅಂದ ಅಪ್ಪ.

"ಮುಂದ ಇಲ್ಲಪ್ಪಾ. ಹರಿದೈತಿ."

ಅಪ್ಪ ಎದ್ದು ಬಂದು ಬಲಗಡೆಯ ಅಂಕಣದ ಮೇಲೆ ಬೆರಳಿಟ್ಟ. "ಇಲ್ಲಿ ಇಷ್ಟ್ ಅಕ್ಷರ ಅದಾವಲ್ಲ. ಓದು."

ಅದು ಬೇರೆ, ಜಾಹೀರಾತು ಎಂದೆ. ಓದು ಎಂದ. ಓದಿದೆ. "ಕೂದಲು ಉದುರುವುದನ್ನು ತಡೆದು ತಲೆಯನ್ನು ತಂಪಾಗಿಡುತ್ತದೆ."

ಕಟ್ಟೆಯವರೆಲ್ಲ ಬಿದ್ದುಬಿದ್ದು ನಕ್ಕರು. ಅಪ್ಪ ನಗಲಿಲ್ಲ. "ಚಿರತಿ ಎಲ್ಲಿ ಹೋತು?" ಎಂದು ನನ್ನನ್ನೇ ನೋಡಿದ. ಮಾಸ್ತರರು ಮಧ್ಯೆ ಬಂದು, "ಹುಡುಗನ ತಪ್ಪಲ್ರಿ, ಕಾಗದದ್ದು," ಎಂದು ತಿಳಿಸಿ ಹೇಳಿದರು. ಅಪ್ಪ "ಹೌದ್ರಿ, ಹೌದ್ರಿ" ಅಂದ. ಮಾಸ್ತರರು ನನ್ನ ಮಾನ ಮುಚ್ಚುತ್ತಿದ್ದಾರೆಂದೇ ಅವನು ತಿಳಿದುಕೊಂಡಿದ್ದ. ನೊಂದುಕೊಂಡ ಮಾಸ್ತರರು ಆ ತುಂಡನ್ನು ಅವನ ಕೈಗೇ ಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಂಗಡಿಯವರು ಕಾಗದ ಹರಿದರು, ಬರೆ ನನಗೆ ಬಿತ್ತು.

ಮನೆಗೆ ಬಂದು ಮೂಲೆ ಹಿಡಿದು ಅತ್ತೆ. ಸಂಜೆ ರೊಟ್ಟಿ ಮುರಿಯುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಕೈ ತಡೆದ.

"ಖರೇನ ಹೇಳು. ಆ ಕೂಸು ಏನಾತು?"

"ಗೊತ್ತಿಲ್ಲ ಅಂತ ಎಷ್ಟ್ ಸಲ ಹೇಳ್ಲಿ?"

ಅಪ್ಪ ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದ. "ಸೋಮವಾರ ಸಾಲಿಗೆ ಹೋಗು. ನಿನಗ ಅರ್ಧ ಓದಾಕ ಬಂದೈತಿ. ಇನ್ನರ್ಧ ಬರೂ ತನಕಾ ಬಿಡ್ಸೂದಿಲ್ಲ."

ಶಾಲೆ ಉಳಿಯಿತೆಂದು ಕುಣಿಯಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಅಪ್ಪ ಆ ತುಂಡನ್ನು ಮಡಚಿ ದೇವರ ಗೂಡಿನಲ್ಲಿಟ್ಟ. ಮುಂದೆ ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಬಂದ ದಿನ ಅದನ್ನು ಹೊರತೆಗೆದು, "ಈಗರ ಬರ್ತೈತೇನು?" ಎಂದು ಕೇಳಿದ. ಮತ್ತೆ ಅದೇ ಮಾತಿಗೆ ಬಂದು ನಿಂತೆ. "ಇರ್ಲಿ ಬಿಡು," ಎಂದು ತಿರುಗಿ ಮಡಚಿಟ್ಟ. ಅವನಿಗೆ ಅದನ್ನು ತಿಳಿಸಿ ಹೇಳಲು ನನಗೆ ಕೊನೆಗೂ ಆಗಲೇ ಇಲ್ಲ.

ಮೊಮ್ಮಕ್ಕಳೇ, ನಿಮ್ಮ ಸುದ್ದಿಯನ್ನು ಹುಣಸೆಹಣ್ಣು ಕಟ್ಟಲು ಯಾರೂ ಹರಿಯುವುದಿಲ್ಲ. ಫೋನಿನ ಮೇಲೆ ಬೆರಳು ಸರಿಸಿದರೆ ಕೊನೆಯ ಸಾಲಿನ ತನಕ ಬರುತ್ತದೆ. ಆದರೂ ನೀವು ಎರಡು ಸಾಲು ನೋಡಿ ಮುಂದಕ್ಕೆ ತಳ್ಳುತ್ತೀರಿ. ಅದನ್ನು ಕಂಡಾಗ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಈ ಸಂಗತಿ ಹೇಳಿದಾಗ ಮಾತ್ರ ನೀವು ಫೋನು ಕೆಳಗಿಟ್ಟು, "ಅಜ್ಜಾ, ಆ ಕೂಸು ಏನಾಯ್ತು?" ಎಂದು ಕೇಳಿದಿರಿ. ನನಗೆ ಗೊತ್ತಿಲ್ಲ ಎಂದೆ. ನೀವು ಫೋನಿನಲ್ಲಿ ಹುಡುಕಿದಿರಿ, ಅದರಲ್ಲೂ ಸಿಗಲಿಲ್ಲ. ಆಗ ಸಣ್ಣವಳು ನನ್ನ ಮುಖ ನೋಡಿ, "ನಿಂಗೆ ಗೊತ್ತು, ಹೇಳ್ತಿಲ್ಲ ಅಷ್ಟೇ," ಅಂದಳು. ಥೇಟ್ ನನ್ನ ಅಪ್ಪನ ಕಣ್ಣು.