ತೀಡಿದ ತುದಿ

ಬೊಂಬಿನ ಅಂಗಡಿ ತಾತನ ಹೆಬ್ಬೆರಳು ಒಣಗಿದ ಸೌದೆಯ ಹಾಗಿತ್ತು. ಒಂದಲ್ಲ ಒಂದು ಸಿಬಿರು ಅದರೊಳಗೆ ಸದಾ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಹಲ್ಲಿನಿಂದ ಹುಡುಕುವರು. ಸಿಕ್ಕರೆ ಉಗಿದು, "ನೋಡು, ಬಾಡ್ಗೆ ಕೊಡ್ದೆ ಕುಂತಿದ್ದ" ಅನ್ನುವರು. ಲಗ್ಗೆರೆಯಲ್ಲಿ ಅವರ ಪಕ್ಕದ್ದೇ ನನ್ನ ಜೆರಾಕ್ಸ್ ಅಂಗಡಿ. ಕರೆಂಟು ಹೋದಾಗಲೆಲ್ಲ ನನ್ನನ್ನು ಕರೆದು ಕೂರಿಸಿಕೊಂಡು ಊರಿನ ಹಳೇ ಸುದ್ದಿ ಹೇಳುತ್ತಿದ್ದರು. ಇವತ್ತು ನನ್ನ ನಾಲಿಗೆಯ ಮೇಲಿರುವ ಅರ್ಧ ಮಾತು ಅವರದೇ.

ಏಣಿಗೆ, ಪೆಂಡಾಲಿಗೆ, ಕಟ್ಟಡಗಳ ಸಾರ್ವೆಗೆ, ಕೊನೆಗೆ ಚಟ್ಟಕ್ಕೂ ಬೊಂಬು ಅವರಲ್ಲೇ. ಚಟ್ಟಕ್ಕೆ ಕಾಸು ಮುಟ್ಟುತ್ತಿರಲಿಲ್ಲ. ಸ್ಟೇಷನ್ನಿನವರಿಗೂ ಹಬ್ಬದ ಬಂದೋಬಸ್ತು ಬಂತೆಂದರೆ ಒಂದು ಕಟ್ಟು ದೊಣ್ಣೆ ಬಿಟ್ಟಿ. ಫುಟ್‌ಪಾತಿನಲ್ಲಿ ಬೊಂಬು ಒರಗಿಸಿದ್ದನ್ನು ಪೊಲೀಸರು ನೋಡಿಯೂ ನೋಡದಂತೆ ಇರುತ್ತಿದ್ದರಲ್ಲ. ಆದರೆ ಕೊಡುವ ಮುಂಚೆ ತಾತ ಪ್ರತಿ ದೊಣ್ಣೆಯ ಗಿಣ್ಣು ಕೆತ್ತಿ, ತುದಿ ದುಂಡಗೆ ಮಾಡಿ, ಗಾಜಿನ ಚೂರಿನಿಂದ ತೀಡುವರು. ತಮ್ಮ ಕೆನ್ನೆಗೆ ಉಜ್ಜಿ ನೋಡುವರು.

"ಒಡೆಯೋರು ಒಡೀತಾರೆ ಕಣಪ್ಪ. ಏಟು ತಿನ್ನೋನ ಚರ್ಮನಾದ್ರೂ ಉಳೀಲಿ."

ತಮ್ಮ ಪಾಲಿನದು ಮುಗಿಯಿತು ಎಂಬ ನೆಮ್ಮದಿ ಆ ಮುಖದಲ್ಲಿ. ನನಗೂ ಅದು ದೊಡ್ಡತನವಾಗಿಯೇ ಕಂಡಿತ್ತು.

ಅವರಲ್ಲಿ ಬೊಂಬು ಒಯ್ದು ಸಾರ್ವೆ ಕಟ್ಟುತ್ತಿದ್ದ ಯಾದಗಿರಿ ಕಡೆಯವನೊಬ್ಬನಿದ್ದ. ಗೋಡೌನಿನ ತಾಮ್ರದ ತಂತಿ ಕದ್ದನೆಂದು ಅವನನ್ನು ಸ್ಟೇಷನ್ನಿಗೆ ಎಳೆದೊಯ್ದರು. ತಂತಿ ಆಮೇಲೆ ಅದೇ ಗೋಡೌನಿನ ಮೂಲೆಯಲ್ಲಿ ಸಿಕ್ಕಿತು. ಅವನು ಅಂಗಡಿಗೆ ಬಂದಾಗ ಬಲಗೈ ಹೆಗಲಿನಿಂದ ಮೇಲೇಳುತ್ತಿರಲಿಲ್ಲ.

"ದೂರು ಕೊಡೋ" ಅಂದೆ ನಾನು.

"ಹೋಗಿದ್ನಿರಿ ಸರ. ಆದ್ರ ಬಾವು ಇಳಿಯೋ ತನ ಸ್ಟೇಷನ್ದಾಗ ಕುಂದ್ರಿಸಿ ಆಮ್ಯಾಲ ಬಿಟ್ಟಿದ್ರು. ದವಾಖಾನ್ಯಾಗ ಅಂಗಿ ತಗಸಿ ನೋಡಿದ್ರು. ಒಂದು ಗೀರೂ ಇಲ್ಲ, ಸುಳ್ಳು ಹೇಳ್ತಿ ಅಂತ ನನಗಾ ಬೈದ್ರು." ಆಮೇಲೆ ತಾತನ ಮುಖ ನೋಡದೆ ಹೇಳಿದ: "ಬಡದಿದ್ ಬಡಿಗಿ ಭಾಳ ನುಣ್ಣಗಿತ್ರಿ ಯಜಮಾನ್ರ."

ತಾತನ ಕೈ ಕೆನ್ನೆಗೆ ಹೋಗಿ ಅಲ್ಲೇ ನಿಂತಿತು. ಅವತ್ತು ಊಟದ ಡಬ್ಬಿ ತೆರೆಯಲಿಲ್ಲ. ಬಾಗಿಲು ಎಳೆಯುವಾಗ ನನ್ನನ್ನು ಕೇಳಿದರು, "ಒಂದ್ ಗೀರಾದ್ರೂ ಬಿದ್ದಿದ್ರೆ ನಂಬೋರು, ಅಲ್ವೇನೋ?"

ಗಣೇಶನ ಹಬ್ಬಕ್ಕೆ ಪೇದೆ ಬಂದ.

"ತಾತ, ಕಟ್ಟು ರೆಡಿನಾ?"

"ಇಲ್ಲ ಕಣಪ್ಪ. ಇನ್ಮ್ಯಾಕೆ ಕೊಡಾಕಿಲ್ಲ."

ಪೇದೆ ನಕ್ಕ. "ಗಲಾಟೆಲಿ ನಮ್ ಮೇಲೆ ಕಲ್ಲು ಬಿದ್ರೆ ಹೂವಿನ ಹಾರ ಹಾಕೋಣ ಅಂತೀಯಾ?"

"ಗಲಾಟೆ ತಡೀರಿ, ಬ್ಯಾಡ ಅಂದೋರ್ ಯಾರು? ಕೈ ಕಟ್ಟಿ ಕೂರ್ಸಿದ್ ಮ್ಯಾಕೆ ದೊಣ್ಣೆ ಯಾಕಪ್ಪ?"

ಪೇದೆ ಫುಟ್‌ಪಾತಿನ ಬೊಂಬುಗಳನ್ನು ಒಮ್ಮೆ ನೋಡಿದ. "ಯೋಚ್ನೆ ಮಾಡು ತಾತ."

ಹಬ್ಬ ಮುಗಿಯುವ ಮೊದಲೇ ಲಾರಿ ಬಂದು, ಒತ್ತುವರಿಯೆಂದು ಹೊರಗಿದ್ದ ಬೊಂಬೆಲ್ಲ ತುಂಬಿಕೊಂಡು ಹೋಯಿತು. ಉಳಿದದ್ದನ್ನು ಒಳಗೆ ಪೇರಿಸಿಕೊಂಡು ತಾತ ವ್ಯಾಪಾರ ಮಾಡಿದರು. ಕಾಲು ನೀಡಲೂ ಜಾಗವಿರಲಿಲ್ಲ. ಇನ್ನು ಸಾರ್ವೆ ಏರಲಾರದ ಯಾದಗಿರಿಯವನನ್ನು ಏಣಿಗಳ ಗಂಟು ಹಾಕುವ ಕೆಲಸಕ್ಕೆ ಜೊತೆಗೆ ಇಟ್ಟುಕೊಂಡರು. ಸ್ಟೇಷನ್ನಿಗೆ ಫೈಬರ್ ಲಾಠಿ ಬಂತೆಂದು ನಾನು ಹೇಳಿದಾಗ, "ಅದ್ರಲ್ಲಿ ಗಿಣ್ಣೇ ಇರಾಕಿಲ್ವಂತೆ" ಎಂದು ಗೋಡೆಗೊರಗಿ ಕಣ್ಣು ಮುಚ್ಚಿದರು.

ಕಳೆದ ಚಳಿಗಾಲದಲ್ಲಿ ತಾತ ಹೋದರು. ಚಟ್ಟ ಕಟ್ಟಿದವನು ಆ ಸಾರ್ವೆಯವನೇ, ನೆಲದ ಮೇಲೆ ಕೂತು, ಎಡಗೈಯಲ್ಲಿ ಹಗ್ಗ ಸುತ್ತಿ, ಹಲ್ಲಿನಲ್ಲಿ ಎಳೆದು. ಬೊಂಬಿನ ತುದಿ ಗರಗಸ ಕೊಯ್ದ ಹಾಗೇ ಒರಟಾಗಿತ್ತು. ಯಾರೋ ತಾತನ ಕತ್ತಿ ತಂದು, "ಸ್ವಲ್ಪ ತೀಡ್ಬಿಡು, ಹೊರೋರಿಗೆ ತಾಗುತ್ತೆ" ಅಂದರು.

"ತಾಗ್ಲಿ ಬಿಡ್ರಿ" ಅಂದ.

ಮುಂದಿನ ಬಲಗಡೆಗೆ ನಾನು ಹೆಗಲು ಕೊಟ್ಟೆ. ಮನೆಗೆ ಬಂದು ಸ್ನಾನ ಮಾಡುವಾಗ ನೋಡಿಕೊಂಡರೆ ಕತ್ತಿನ ಪಕ್ಕ ಕೆಂಪಗೆ ಒಂದು ಗೀರು. ಮಾಯುವವರೆಗೆ ಕೇಳಿದವರಿಗೆಲ್ಲ ತೋರಿಸಿದೆ.