ಗೇಟಿನ ಮುಂದೆ ಹೇಳಿದ ಮಗ್ಗಿ

ಬಸ್ಸಿಳಿದಾಗ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಿತ್ತು. ತೊಂಬತ್ತರ ದಶಕದ ಒಂದು ಮಾರ್ಚ್. ಶಿಕ್ಷಕಿಯ ಕೆಲಸ ಸಿಕ್ಕಿ ಬಿಜಾಪುರದ ಕಡೆಯಿಂದ ಗೋಣಿಬೀಡಿಗೆ ಬಂದಿದ್ದೆ. "ಇದೇನ್ರೀ, ಹಿಮಾ ಬಿದ್ದದೇನು?" ಎಂದೆ. ನನಗೆ ಬಾಡಿಗೆಗೆ ಕೋಣೆ ಕೊಟ್ಟು, ಕರೆದೊಯ್ಯಲು ಬಂದಿದ್ದ ಜೀಪ್ ಮೆಕ್ಯಾನಿಕ್ಕಿನ ಹೆಂಡತಿ ಖೈರುನ್ನಿಸಾ ನಕ್ಕುಬಿಟ್ಟರು. "ಕಾಫಿ ಹೂ ಮಾರಾಯ್ರೇ! ಮಳೆ ಬಂತಲ್ಲ, ಒಟ್ಟಿಗೇ ಅರಳಿದೆ."

ನಮ್ಮ ಕಡೆ ಬರೀ ಬಯಲು, ಪಕ್ಕದೂರಿನವರು ಹೊರಟರೆ ನಮ್ಮ ಕಟ್ಟೆಗೇ ಕಾಣುತ್ತಾರೆ. ಇಲ್ಲಿ ಪಕ್ಕದ ಮನೆಯೂ ಕಾಣದು. ಸಂಜೆ ಒಬ್ಬಳೇ ರೊಟ್ಟಿ ಬಡಿಯುವಾಗ ಆ ಸದ್ದೇ ನನಗೆ ಜೊತೆ. ಮಾತಿನಲ್ಲೂ ಎಡವಿದೆ. ಕಾಲೊನಿ ಎಂದರೆ ನಮ್ಮಲ್ಲಿ ನೌಕರರ ಮನೆಗಳು. ಇಲ್ಲಿ ಗುಡ್ಡದಾಚೆಯ ಕೂಲಿಯವರ ಕೇರಿ. ಅಲ್ಲಿನ ಮಕ್ಕಳು ಕಾಫಿ ಎಸ್ಟೇಟಿನ ಒಳದಾರಿಯಲ್ಲಿ ನಡೆದು ಶಾಲೆಗೆ ಬರುತ್ತಿದ್ದರು.

ಕಾಫಿ ಹಣ್ಣು ಕೆಂಪಾಗುವ ಕಾಲಕ್ಕೆ ಎಸ್ಟೇಟಿನ ಸಾಹುಕಾರರು ಆ ದಾರಿಯ ಗೇಟಿಗೆ ಬೀಗ ಹಾಕಿಸಿದರು. ಮಕ್ಕಳು ಗುಡ್ಡ ಸುತ್ತಬೇಕಾಯಿತು. ಚಿಕ್ಕವರು ಶಾಲೆಗೆ ಬರುವುದನ್ನೇ ಬಿಟ್ಟರು.

ಒಂದು ಬೆಳಿಗ್ಗೆ ಕಾಲೊನಿಯ ಗಿರಿಜಾ ಹೆಂಗಸರು ಮಕ್ಕಳನ್ನೆಲ್ಲ ಕರೆತಂದು ಗೇಟಿನ ಮುಂದೆ ಕೂತಳು. ನಾನೂ ಹೋದೆ. ಸಾಹುಕಾರರು ಜೀಪಿನಿಂದ ಇಳಿದರು. "ಹಣ್ಣು ಕಳುವಾಗ್ತಿದೆ. ಯಾರನ್ನ ಅಂತ ನಂಬೋದು?"

"ಹಣ್ಣು ಕುಯ್ಯೋಕೆ ನಾವು ಬರೋದೂ ಇದೇ ಗೇಟಲ್ಲೇ ಅಲ್ವಾ ಸಾಹುಕಾರ್ರೇ? ಆಗ ನಾವು ಕಳ್ಳರಲ್ಲ. ನಮ್ ಮಕ್ಳು ಪುಸ್ತಕ ಹಿಡ್ಕೊಂಡು ಬಂದ್ರೆ ಕಳ್ಳರಾ?" ಗಿರಿಜಾಳ ದನಿ ಏರಲಿಲ್ಲ. "ನಿಮ್ ಮಕ್ಳು ಜೀಪಲ್ಲಿ ಚಿಕ್ಕಮಗಳೂರಿಗೆ ಹೋಗಿ ಓದ್ತಾರೆ. ಓದ್ಲಿ. ನಮ್ಮವ್ರಿಗೆ ನಡ್ಯೋಕೆ ದಾರಿನಾದ್ರೂ ಬಿಡಿ."

ಯಾರೂ ಕೊಯ್ಲಿಗೆ ಏಳಲಿಲ್ಲ. ಸುಮ್ಮನೆ ನಿಲ್ಲಲಾರದೆ ನಾನು ಮಕ್ಕಳಿಗೆ ಅಲ್ಲೇ ಮಗ್ಗಿ ಹೇಳಿಸತೊಡಗಿದೆ. ತಾಯಂದಿರೂ ದನಿಗೂಡಿಸಿದರು. ತೋಟದ ಮರಗಳ ಕೆಳಗೆ, ಅಷ್ಟು ದೊಡ್ಡ ಎಸ್ಟೇಟಿನೆದುರು ಅಷ್ಟು ಕಂಠಗಳು ಒಟ್ಟಿಗೆ ಎದ್ದಾಗ ನನಗೆ ಮೈ ಜುಮ್ಮೆಂದಿತು. ನಮ್ಮೂರಲ್ಲಿ ಕೂಲಿಯವರು ಒಡೆಯನ ಮುಂದೆ ಕೂತದ್ದನ್ನೇ ನಾನು ಕಂಡಿರಲಿಲ್ಲ.

ಕುಯ್ಯುವವರಿಲ್ಲದೆ ಹಣ್ಣು ಉದುರತೊಡಗಿದ ಮೇಲೆ ಗೇಟು ತೆರೆಯಿತು, ಶಾಲೆಯ ಹೊತ್ತಿಗೆ ಮಾತ್ರ. ಮುಂದಿನ ವರ್ಷ ಗಿರಿಜಾಳನ್ನು ಕೆಲಸಕ್ಕೆ ಕರೆಯಲಿಲ್ಲ. ಅವಳು ಆಲ್ದೂರಿನ ಕಡೆ ಕೂಲಿಗೆ ಹೋಗತೊಡಗಿದಳು. ನಾನು ಮರುಗಿದರೆ, "ಬಸ್ಸಲ್ಲಿ ಕೂತ್ಕೊಂಡ್ ಹೋಗ್ತೀನಿ ಟೀಚರ್, ನಡ್ಯೋದ್ ತಪ್ತು" ಎಂದು ನಕ್ಕಳು. ಕಣ್ಣು ಮಾತ್ರ ನಗಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋದೆ. ನಮ್ಮ ಹೊಲದಾಳು ಶಾಂತವ್ವ ಹೊಸ್ತಿಲಾಚೆ ಬೊಗಸೆಯೊಡ್ಡಿ ನಿಂತು ನೀರು ಕೇಳಿದಳು. "ಒಳಗ ಬಾರವ್ವ, ಕುಂತು ಕುಡಿ" ಎಂದು ತಂಬಿಗೆ ಕೈಗೆ ಕೊಟ್ಟೆ. ಶಾಂತವ್ವ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿ, "ಇದು ಆ ಗುಡ್ಡದ ರೀತಿ ಏನವಾ? ಇದು ನಮ್ಮ ಮನಿ" ಎಂದರು.

ಗೋಣಿಬೀಡಿನಲ್ಲಿ ನನ್ನನ್ನು ಇಂದಿಗೂ ಬಿಜಾಪುರದ ಟೀಚರ್ ಎನ್ನುತ್ತಾರೆ. ಬಿಜಾಪುರದಲ್ಲಿ ಅಂದಿನಿಂದ ನಾನು ಗುಡ್ಡದವಳು.