ಶೀನಣ್ಣನ ಬಲಗಿವಿ

2013ರ ಏಪ್ರಿಲ್ ತಿಂಗಳು. ನವಿ ಮುಂಬಯಿಯ ನೆರೂಳಿನ ಕಾಲೇಜಿನಲ್ಲಿ ನನ್ನ ಎಂ.ಇ. ಪ್ರಾಜೆಕ್ಟಿನ ಸೆಮಿನಾರ್. ಅಂದು ನಾನು ಗೆದ್ದೆ. ಆ ಗೆಲುವನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು. ಓದಿನಲ್ಲಿ ಸಾಧಾರಣ, ಅಣಕಿಸುವುದರಲ್ಲಿ ಫಸ್ಟ್ ಕ್ಲಾಸ್. ಸ್ಟೇಷನ್ನಿನ ಅನೌನ್ಸ್‌ಮೆಂಟ್, ಪ್ರಿನ್ಸಿಪಾಲರ ಕೆಮ್ಮು, ಮೂರು ವಿಷಯಗಳಲ್ಲಿ ಫೇಲಾಗಿ ಕೇಟಿ ಬಿದ್ದ ದಿನ ಅಪ್ಪನ ಮುಂದೆ ನಿಂತ ನನ್ನದೇ ಮೋರೆ, ಯಾವುದನ್ನೂ ಬಿಟ್ಟವನಲ್ಲ. ಹಾಗೂ ಹೀಗೂ ಮೆಕ್ಯಾನಿಕಲ್ ಇಂಜಿನಿಯರ್ ಆಗಿ ಅಂಬರನಾಥದ ಒಂದು ಪಂಪ್ ಫ್ಯಾಕ್ಟರಿ ಸೇರಿದೆ.

ಅಲ್ಲಿ ಸಿಕ್ಕವರು ಫಿಟ್ಟರ್ ಶೀನಣ್ಣ, ಕಾರ್ಕಳದವರು. ಮೂವತ್ತು ವರ್ಷ ಯಂತ್ರಗಳ ಗದ್ದಲದಲ್ಲಿ ದುಡಿದು ಎಡಗಿವಿ ಪೂರ್ತಿ ಹೋಗಿತ್ತು. ಆದರೆ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿಗೆ ತಾಗಿಸಿ, ಹಿಡಿಯನ್ನು ಬಲಗಿವಿಗೆ ಒತ್ತಿ, ಬಾಯಿ ಅರ್ಧ ತೆರೆದು ನಿಂತರೆಂದರೆ ಒಳಗಿನ ಬೇರಿಂಗಿನ ಜಾತಕವನ್ನೇ ಹೇಳಿಬಿಡುತ್ತಿದ್ದರು.

"ಕೇಳ್ತದಾ ಮಾರಾಯ? ಹಲ್ಲು ಕಡೀತಾ ಉಂಟು. ಇನ್ನು ಹದಿನೈದು ದಿವಸ, ಮತ್ತೆ ಖಲಾಸ್."

ಹದಿನೈದು ದಿನಕ್ಕೆ ಖಲಾಸೇ ಆಗುತ್ತಿತ್ತು.

ನಾನು ಮಾತಾಡಿಸಿದರೆ "ಆಂ?" ಎಂದು ಬಲಗಿವಿಯನ್ನು ನನ್ನತ್ತ ತಿರುಗಿಸುತ್ತಿದ್ದರು. ಅದನ್ನು ಅವರೆದುರಿಗೇ ಅಣಕಿಸಿದರೆ ನಗುತ್ತಿದ್ದರು. "ನನ್ನದು ಬಿಡು, ಆ ಪಂಪಿನ ಸ್ವರ ಮಾಡಿ ತೋರಿಸು ನೋಡುವ" ಎನ್ನುತ್ತಿದ್ದರು. ಹಾಗೆ ಬೇರಿಂಗುಗಳ ನರಳಾಟವನ್ನೆಲ್ಲ ನನ್ನ ಬಾಯಿಗೆ ಕಲಿಸಿದರು.

ಕೆಲಸದ ಜೊತೆಗೇ ಓದುತ್ತಿದ್ದ ನನ್ನ ಎಂ.ಇ. ವಿಷಯ ಹುಟ್ಟಿದ್ದೂ ಅಲ್ಲಿಯೇ: ಶಬ್ದ ಕೇಳಿ ಬೇರಿಂಗಿನ ದೋಷ ಹಿಡಿಯುವ ಕಂಪ್ಯೂಟರ್ ಪ್ರೋಗ್ರಾಂ. ನೂರಾರು ಪಂಪುಗಳ ಶಬ್ದ ರೆಕಾರ್ಡ್ ಮಾಡಿದೆ. ಯಾವುದರಲ್ಲಿ ಯಾವ ದೋಷ ಎಂದು ಒಂದೊಂದನ್ನೂ ಕೇಳಿ ಗುರುತು ಹಾಕಿಸಿಕೊಟ್ಟವರು ಶೀನಣ್ಣ. ಎಂಟು ತಿಂಗಳ ಭಾನುವಾರಗಳನ್ನು ನನಗೆ ಕೊಟ್ಟರು.

"ಸೆಮಿನಾರಿಗೆ ಬನ್ನಿ ಶೀನಣ್ಣ. ಕೊನೇ ಸ್ಲೈಡಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಬರ್ತದೆ" ಎಂದು ಕರೆದೆ.

"ನನ್ನ ಹೆಸರಾ? ಅಷ್ಟು ಇಂಜಿನಿಯರುಗಳ ಎದುರು? ಸಾಕು ನಿನ್ನ ನಾಟಕ" ಎಂದರು. ಬರಲಾರರು ಎಂದುಕೊಂಡೆ.

ಸೆಮಿನಾರಿಗೆ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿ ಅತಿಥಿಯಾಗಿ ಬಂದಿದ್ದರು. ಅವರು ಮೆಚ್ಚಿದರೆ ನನಗೆ ಪಿಎಚ್.ಡಿ. ಬಾಗಿಲು ತೆರೆದಂತೆ. ಐದೇ ನಿಮಿಷದಲ್ಲಿ ಅವರು ಆಕಳಿಸಿದರು. ನಾನು ಹೆದರಿದೆ. ಹೆದರಿದಾಗ ನನಗೆ ಬರುವುದು ಒಂದೇ ವಿದ್ಯೆ. "ಹಳೇ ಪದ್ಧತಿ ಹೀಗಿತ್ತು ಸರ್" ಎಂದು ಟೇಬಲ್ಲಿನ ಮೇಲಿದ್ದ ಸ್ಕೇಲನ್ನು ಕಿವಿಗೆ ಒತ್ತಿಕೊಂಡೆ, ಬಾಯಿ ತೆರೆದೆ, "ಆಂ? ಆಂ? ಕ್ಯಾ ಬೋಲಾ?" ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಆ ವಿಜ್ಞಾನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇನ್ನೊಮ್ಮೆ ಮಾಡಿದೆ. ಮತ್ತೂ ಒಮ್ಮೆ. ಆಮೇಲೆ ಗಡಿಬಿಡಿಯಲ್ಲಿ ಪ್ರೋಗ್ರಾಂ ತೋರಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಕೊನೆಯ ಸ್ಲೈಡ್ ಬರಲೇ ಇಲ್ಲ.

ಚಪ್ಪಾಳೆಯ ನಡುವೆ ಹಿಂದಿನ ಸಾಲು ಕಂಡಿತು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಶೀನಣ್ಣ ಕುಳಿತಿದ್ದರು. ನನ್ನನ್ನಲ್ಲ, ಸ್ಕ್ರೀನನ್ನು ನೋಡುತ್ತಿದ್ದರು, ಇನ್ನೂ ಏನೋ ಬರಲಿಕ್ಕಿದೆ ಎಂಬಂತೆ.

ಅವರತ್ತ ಹೊರಟವನ ಕೈಯನ್ನು ವಿಜ್ಞಾನಿ ಕುಲುಕಿ ಹಿಡಿದುಕೊಂಡರು. ಬಿಡಿಸಿಕೊಳ್ಳಲು ನನಗೂ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ತಿರುಗಿ ನೋಡಿದಾಗ ಕುರ್ಚಿ ಖಾಲಿ.

ಪಿಎಚ್.ಡಿ. ಸೀಟು ಸಿಕ್ಕಿತು. ಪೇಢೆ ಕಟ್ಟಿಸಿಕೊಂಡು ಕಲ್ಯಾಣದ ಚಾಳಿನಲ್ಲಿದ್ದ ಅವರ ಒಂದು ಕೋಣೆಯ ಮನೆಗೆ ಹೋದೆ. "ಬಾ, ಕೂತ್ಕೋ" ಎಂದರು. ಹೆಂಡತಿಗೆ ಚಹಾ ಮಾಡಲು ಹೇಳಿದರು. ಆಮೇಲೆ ತಮ್ಮ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ಕುಳಿತರು. ನನ್ನ ಕಡೆಗಿದ್ದದ್ದು ಎಡಗಿವಿ.

"ತಪ್ಪಾಯ್ತು ಶೀನಣ್ಣ."

"ಆಂ?"

ಮತ್ತೆ ಹೇಳಿದೆ, ಪಕ್ಕದ ಖೋಲಿಯ ಮನೆಯವರಿಗೂ ಕೇಳುವಷ್ಟು ಜೋರಾಗಿ.

"ಆಂ?"

ಕುರ್ಚಿ ತಿರುಗಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಈಗ ನನ್ನ ಹೆಸರಿನ ಮುಂದೆ ಡಾಕ್ಟರ್ ಇದೆ. ಥೀಸಿಸ್ಸಿನ ಮೊದಲ ಪುಟದಲ್ಲೇ ಶೀನಣ್ಣನ ಹೆಸರಿದೆ. ಅವರು ಅದನ್ನು ನೋಡಿಲ್ಲ. ಗೆಳೆಯರು ಸೇರಿದಾಗ "ಆ ಕಿವುಡನದ್ದು ಮಾಡೋ" ಎಂದು ಈಗಲೂ ಪೀಡಿಸುತ್ತಾರೆ. ನನ್ನಿಂದಾಗದು. ಅಂದಿನ ಆ ಎರಡು "ಆಂ?" ನಿಜವಾಗಿ ಕೇಳಿಸದೆ ಬಂದದ್ದೋ, ನನ್ನನ್ನೇ ಅಣಕಿಸಿದ್ದೋ ತಿಳಿಯದು. ಅಣಕಿಸಿದ್ದೇ ಆಗಿದ್ದರೆ, ನನಗಿಂತ ಚೆನ್ನಾಗಿ ಮಾಡಿದ್ದರು.